ಒಗೀಬ್ಯಾಡೋ ತಮ್ಮಾ!

ಖಾಲಿ ಬಾಟಲಿ ಹಿಡಿದು ತಿಪ್ಪೆಯ ಕಡೆ ಹೊರಟವನನ್ನು ಅರ್ಧದಾರಿಯಲ್ಲಿ ತಡೆಯುವ ಜೀವವೊಂದು ಎಲ್ಲರ ಬಳಗದಲ್ಲೂ ಇರುತ್ತದೆ. ನಮ್ಮ ಬಳಗದ್ದು ಇಲ್ಲೇ ಹಂಸಭಾವಿಯಲ್ಲಿ, ಎರಡು ಓಣಿ ಆಚೆ ಇದೆ. ವರಸೆಯಲ್ಲಿ ನನಗೆ ಚಿಗವ್ವ. "ಒಗೀಬ್ಯಾಡೋ ತಮ್ಮಾ, ಅದರಾಗ ಏನರ ಮಾಡ್ತೀನಿ" ಅನ್ನುತ್ತಾ ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಯ್ಯುತ್ತಾಳೆ. ತಿಂಗಳೊಪ್ಪತ್ತಿನಲ್ಲಿ ಆ 'ಏನರ' ಮೈತುಂಬ ಬಣ್ಣ ಬಳಿದುಕೊಂಡು ನಮ್ಮ ಮನೆಗೇ ತಿರುಗಿ ಬರುತ್ತದೆ. ಈಗ ಅದನ್ನು ಒಗೆಯುವ ಹಾಗೂ ಇಲ್ಲ.

ಈ ಜಾತಿಯವರ ಗುರುತು ಹತ್ತುವುದು ಸುಲಭ. ಮನೆಗೆ ಬಂದರೆ ಮಂದಿಯ ಮುಖ ನೋಡುವುದಿಲ್ಲ, ಗೋಡೆ ನೋಡುತ್ತಾರೆ. ಗೋಡೆ ಖಾಲಿ ಕಂಡಿತೋ, ಆ ಮನೆಯಲ್ಲಿ ಯಾರೋ ಉಪವಾಸ ಮಲಗಿದ್ದಾರೆ ಎನ್ನುವಂಥ ಮರುಕ. ನೀರಿನ ತಂಬಿಗೆ ಕೈಗೆ ಬರುವುದರೊಳಗೆ ಮೊಳೆ ಎಲ್ಲಿ ಹೊಡೆಯಬೇಕೆಂದು ಗೊತ್ತಾಗಿರುತ್ತದೆ. ಲಗ್ನಪತ್ರಿಕೆಯ ಗಣಪತಿ, ಹೋದ ವರ್ಷದ ಕ್ಯಾಲೆಂಡರಿನ ಲಕ್ಷ್ಮಿ, ತೂತುಬಿದ್ದ ಜರಡಿ, ಒಂದಕ್ಕೂ ಮುಕ್ತಿಯಿಲ್ಲ. ಬ್ಯಾಡಗಿ ಮೆಣಸಿನಕಾಯಿ ತುಂಬಿದ್ದ ಗೋಣಿಚೀಲ ಚಿಗವ್ವನ ಮನೆ ಬಾಗಿಲಿನ ಪರದೆಯಾದಾಗ ಬಂದವರೆಲ್ಲ ಸೀನುತ್ತಲೇ ಒಳಗೆ ಕಾಲಿಡುತ್ತಿದ್ದರು. "ಬೆಲ್ಲಿನ ಖರ್ಚು ಉಳೀತು ನೋಡು" ಅಂದಳು.

ಆಕೆ ಊರು ತಿರುಗಿ ಬಂದಾಗಲಂತೂ ಭಯ. ಹಾನಗಲ್ಲಿನ ತಾರಕೇಶ್ವರ ಗುಡಿಯ ಮಂಟಪದಲ್ಲಿ ತಲೆ ಎತ್ತಿದರೆ ಚಾಲುಕ್ಯರ ಕಾಲದ ಕಲ್ಲಿನ ಕಮಲ ತೂಗುತ್ತದೆ. ಅದನ್ನು ಕಂಡು ಬಂದವಳು ನಮ್ಮ ಹಾಲಿನ ಫ್ಯಾನಿನ ಸುತ್ತ ಥರ್ಮಾಕೋಲಿನ ಕಮಲ ಅರಳಿಸಿದಳು. ಬೇಸಿಗೆ ಬಂತು, ಫ್ಯಾನು ಹಾಕಿದೆವು, ಊಟದ ತಾಟಿನಲ್ಲಿ ಎಸಳು ಬಿದ್ದವು. ಶಿಗ್ಗಾಂವಿ ಹತ್ತಿರದ ಗೊಟಗೋಡಿಯ ಉತ್ಸವ್ ರಾಕ್ ಗಾರ್ಡನ್‌ನಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಸಿಮೆಂಟಿನ ಮಂದಿ, ಸಿಮೆಂಟಿನ ದನಕರು ಕೂಡಿಸಿ ಇಡೀ ಹಳ್ಳಿಯನ್ನೇ ನಿಲ್ಲಿಸಿದರು. ಅದನ್ನು ನೋಡಿ ಬಂದ ಸಂಜೆಯೇ ಕೇಳಿದಳು: "ಮನಿ ಕಟ್ಟಿಸಿದಾಗಿನ ಸಿಮೆಂಟು ಉಳದೈತಲ್ಲೋ?" ಆ ಸಿಮೆಂಟು ಈಗ ಆಕೆಯ ಹಿತ್ತಲಲ್ಲಿ ನಿಂತಿದೆ. ಆಕೆ ಅದನ್ನು ಎತ್ತು ಅನ್ನುತ್ತಾಳೆ. ಓಣಿಯಲ್ಲಿ ಎರಡು ಪಕ್ಷವಿದೆ.

ಇಷ್ಟನ್ನು ತಡೆದುಕೊಂಡೆ. ಕೌದಿಯದು ಮಾತ್ರ ಹೊಟ್ಟೆಯಿಂದ ಇಳಿದಿಲ್ಲ. ಹಳೆಯ ಸೀರೆ, ಧೋತರ, ಕುಬಸದ ತುಂಡುಗಳನ್ನು ಪದರಾಗಿ ಹಾಸಿ ಸಾಲುಸಾಲು ದಾರ ಓಡಿಸುವುದು ಚಿಗವ್ವನಿಗೆ ಆಕೆಯ ಅವ್ವನಿಂದ ಬಂದದ್ದು. ಆಕೆಯ ಕೌದಿ ಹೊದ್ದೇ ನಾನು ಬೆಳೆದಿದ್ದೇನೆ, ಅದಕ್ಕೆ ತಕರಾರಿಲ್ಲ. ಆದರೆ ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕವಂದಿಗಳು ಅಮೆರಿಕದ ಪ್ರದರ್ಶನದಲ್ಲಿ ಗೋಡೆ ಏರಿದ್ದನ್ನು ಯಾರೋ ಪುಣ್ಯಾತ್ಮರು ಮೊಬೈಲಿನಲ್ಲಿ ತೋರಿಸಿಬಿಟ್ಟರು. ಗೋಡೆಗೆ ಹಾಕುವ ಕೌದಿಗೆ ದಪ್ಪ ಬಟ್ಟೆಯೇ ಬೇಕಂತೆ. ನಾನು ಹಿರೇಕೆರೂರಿಗೆ ಹೋದ ದಿನ ನೋಡಿ ಬಂದು, ನನ್ನ ಹೆಂಡತಿಯೊಡನೆ ಕೂತು ಟ್ರಂಕು ತೆರೆದು, ನನ್ನ ಮದುವೆಯ ಕೋಟು ಒಯ್ದಳು. ಅದೇ ಟ್ರಂಕಿನಲ್ಲಿ ಹೆಂಡತಿಯ ಇಳಕಲ್ ಸೀರೆಯೂ ಇತ್ತು. ಅದನ್ನು ಎತ್ತಿ, ಸೆರಗು ಸವರಿ, ಕಣ್ಣಿಗೊತ್ತಿಕೊಂಡು ಮತ್ತೆ ಜೋಪಾನವಾಗಿ ಅಲ್ಲೇ ಇಟ್ಟಳಂತೆ.

ಜಗಳಕ್ಕೇ ಹೋದೆ. "ಈಗ ಅದು ನಿನಗ ಬರ್ತೈತೇನೋ?" ಎಂದು ನನ್ನ ಹೊಟ್ಟೆಯ ಕಡೆ ನೋಡಿದಳು. ಉಸಿರು ಒಳಗೆಳೆದುಕೊಂಡು ನಿಂತೆ. ಹಾಗೆ ನಿಂತವನು ಜಗಳ ಆಡುವುದು ಹೇಗೆ? ಎದುರಿಗೆ ಪಡಸಾಲೆಯ ಗೋಡೆಯ ಮೇಲೆ, ಹಳದಿ ಹಸಿರು ಕುಬಸದ ಚೂರುಗಳ ನಡುವೆ ನನ್ನ ಕೋಟು ತುಂಡುತುಂಡಾಗಿ ಹರಡಿತ್ತು. ಚಂದ ಕಾಣುತ್ತಿತ್ತು, ಸಂಕಟವೇ ಅದು. ಎದೆಯ ಕಿಸೆಯನ್ನು ಬಿಚ್ಚದೆ ಹಾಗೆಯೇ ಉಳಿಸಿದ್ದಾಳೆ, ಕರೆಂಟ್ ಬಿಲ್ಲು ಅದರಲ್ಲಿರುತ್ತದೆ. ಬಂದವರಿಗೆಲ್ಲ, "ನಮ್ಮ ತಮ್ಮನ ಮದುವಿ ಕೋಟ್ರೀ ಇದು. ಎಷ್ಟು ಸಣ್ಣ ಇದ್ದಾ ನೋಡ್ರಿ ಆವಾಗ!"

ಕೊನೆಗೆ ಒಂದು ಮಾತು ಸೇರಿಸುತ್ತಾಳೆ: "ಇದಕ್ಕ ಒಂದು ರೂಪಾಯಿ ಖರ್ಚಿಲ್ರೀ." ಖರ್ಚಿಲ್ಲ, ನಿಜ. ಕೋಟು ನನ್ನದು, ಸಿಮೆಂಟು ನನ್ನದು, ಫೆವಿಕಾಲ್ ಡಬ್ಬಿ ಅಂಗಡಿಯ ಉದ್ರಿ ವಹಿಯಲ್ಲಿ ನನ್ನ ಹೆಸರಿಗಿದೆ. ಪುಕ್ಕಟೆ ಕಲೆಯ ಹಿಂದೆ ಒಬ್ಬ ಅಕ್ಕನ ಮಗ ಬೇಕೇ ಬೇಕು.

ಚಿಗವ್ವ ಮೊದಲು ಹೀಗಿರಲಿಲ್ಲ ಅನ್ನಲಾರೆ. ಮೊದಲೂ ಹೀಗೇ ಇದ್ದಳು, ಆಗ ನಮಗೆ ತೊಂದರೆಯಿರಲಿಲ್ಲ. ಮಣ್ಣಿನ ಮನೆ ಇದ್ದ ಕಾಲ. ಮಣ್ಣೆತ್ತಿನ ಅಮಾವಾಸ್ಯೆಗೆ ಆಕೆ ಮಾಡಿದ ಎತ್ತುಗಳನ್ನು ಯಾರೂ ಹಂದಿ ಅಂದದ್ದಿಲ್ಲ. ಆಷಾಢದ ಮಂಗಳವಾರ ಗುಳ್ಳವ್ವನಿಗೆ ಗುಲಗಂಜಿ ಒತ್ತಿ ಸಿಂಗರಿಸುತ್ತಿದ್ದಳು. ದೀಪಾವಳಿಗೆ ಸಗಣಿಯ ಪಾಂಡವರು, ಅವರ ತಲೆಗೆ ಚೆಂಡುಹೂವು. ಗೌರಿ ಹುಣ್ಣಿಮೆಗೆ ಕಟ್ಟಿಗೆಯ ಅಚ್ಚಿನಲ್ಲಿ ಪಾಕ ಹೊಯ್ದು ಸಕ್ಕರೆಯ ಆನೆ, ಒಂಟೆ, ತೇರು. ಆ ಚಿತ್ರಗಳಿಗೆ ಇದ್ದ ದೊಡ್ಡ ಗುಣವೆಂದರೆ ಅವು ತಾವಾಗಿ ಹೋಗುತ್ತಿದ್ದವು. ಎತ್ತು, ಗುಳ್ಳವ್ವ ನೀರಿಗೆ. ಪಾಂಡವರು ಒಣಗಿ ಕುಳ್ಳಾಗಿ ಒಲೆಗೆ. ಆನೆ, ಒಂಟೆ ನಮ್ಮ ಹೊಟ್ಟೆಗೆ. ಗೋಡೆಗೆ ಬರೆದದ್ದರ ಮೇಲೆ ವರ್ಷಕ್ಕೊಮ್ಮೆ ಸುಣ್ಣ. ಮರುವರ್ಷ ಕೈಗೆ ಮತ್ತೆ ಕೆಲಸ. ಎಲ್ಲಿ ಇಡಬೇಕೆಂಬ ಪ್ರಶ್ನೆ ಯಾರಿಗೂ ಬರಲಿಲ್ಲ.

ಆ ಮನೆ ಕೆಡವಿ ಸ್ಲ್ಯಾಬ್ ಹಾಕಿಸಿದಾಗ ನಾವೇ ಮುಂದೆ ನಿಂತಿದ್ದೆವು. ಪುಟ್ಟಿ ತಿಕ್ಕಿ ಪೇಂಟ್ ಬಳಿದ ಗೋಡೆಗೆ ಕೆಮ್ಮಣ್ಣು ಹತ್ತುವುದಿಲ್ಲ. ಟೈಲ್ಸಿನ ಅಂಗಳದಲ್ಲಿ ಸಗಣಿ ಸಾರಿಸಲು ಮಗ ಬಿಡುವುದಿಲ್ಲ, ರಂಗೋಲಿಯ ಸ್ಟಿಕ್ಕರ್ ತಂದು ಅಂಟಿಸಿದ್ದಾನೆ. ಆ ಕೈ ಸುಮ್ಮನೆ ಕೂರಬೇಕಿತ್ತು, ಕೂರಲಿಲ್ಲ. ಬಾಟಲಿ ಸಿಕ್ಕಿತು. ಅದು ಕರಗುವುದಿಲ್ಲ ಎಂಬುದಕ್ಕೆ ಚಿಗವ್ವನನ್ನು ಬೈದು ಏನು ಫಲ? ಮೊನ್ನೆ ನನ್ನ ಮಗಳನ್ನು ಕೂರಿಸಿಕೊಂಡು ಕೆರೆಮಣ್ಣು ಹದಮಾಡುವುದನ್ನು ಕಲಿಸುತ್ತಿದ್ದಳು. ಇಬ್ಬರ ಮೊಣಕೈವರೆಗೂ ಮಣ್ಣು. ನಾನು ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದರೂ ಇಬ್ಬರೂ ತಲೆ ಎತ್ತಲಿಲ್ಲ.

ಇಷ್ಟು ಬರೆಯುವುದರೊಳಗೆ ಫೋನು ಬಂತು.

"ತಮ್ಮಾ, ನಿನ್ನ ಬೈಕಿನ ಟಾಯರು ಸವದಾವಂತಲ್ಲ?"

"ಯಾರು ಹೇಳಿದ್ರು ಚಿಗವ್ವಾ? ಇನ್ನೂ ಗಟ್ಟಿ ಅದಾವು."

"ಎಷ್ಟು ದಿನ ಬರಬಹುದು? ಪಂಚಮಿಗೆ ಹುಡುಗರಿಗೆ ಜೋಕಾಲಿ ಕಟ್ಟಬೇಕು. ಎರಡೂ ಬೇಕು ನೋಡಪಾ, ಒಂದಕ್ಕ ಜಗಳ ಆಡ್ತಾವು."