ಕೂಸಿನ ಫೋಟೊ ಶೂಟ್: ಹೆಜ್ಜಾರ್ಲೆ ಅಜ್ಜಿ ಏನಂತಾರೆ?

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಪ್ರತಿವರ್ಷ ಊರಿಗೆ ಊರೇ ಬಾಣಂತನ ಮಾಡುತ್ತದೆ. ಹುಣಸೆ, ಆಲ, ಅರಳಿ ಮರಗಳಲ್ಲಿ ಗೂಡು ಕಟ್ಟುವ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳನ್ನು ಊರವರು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಕಾಣುತ್ತಾರೆ. ಮಂಡ್ಯ ಜಿಲ್ಲೆಯಲ್ಲಿ ಅತಿ ಹೆಚ್ಚು ಫೋಟೊ ತೆಗೆಸಿಕೊಂಡ ಎಳೆಗೂಸುಗಳು ಬಹುಶಃ ಇಲ್ಲಿನ ಮರಿಗಳೇ. ಹಾಗಾಗಿ ‘ನ್ಯೂಬಾರ್ನ್ ಶೂಟ್’ ಬಗ್ಗೆ ಅನುಭವಸ್ಥೆಯಾದ ಹೆಜ್ಜಾರ್ಲೆ ಅಜ್ಜಿಯನ್ನೇ ಕೇಳೋಣವೆಂದು ಹುಣಸೆಮರದ ಕೆಳಗೆ ನಿಂತೆವು. ಛತ್ರಿ ಬಿಚ್ಚಿಕೊಂಡೇ ನಿಂತೆವು, ಕಾರಣ ಹೇಳಬೇಕಿಲ್ಲ.

ಪ್ರಶ್ನೆ: ಅಜ್ಜಿ, ಮಳವಳ್ಳಿಯಲ್ಲಿ ನಮ್ಮ ತಂಗಿಗೆ ಈಗ ಏಳು ತಿಂಗಳು. ಶೂಟ್ ಆಗಲೇ ಬುಕ್ ಆಗಿದೆ.

ಅಜ್ಜಿ: ಆಗ್ಲಿ ಬುಡಪ್ಪ. ತಾರೀಕು ಕೊಟ್ಟೋರ್ಯಾರು, ಕೂಸಾ? ಡಾಕ್ಟ್ರು ಬರ್ದ ತಾರೀಕಿಗೇ ಹೆರಿಗೆ ಆಗಕಿಲ್ಲ.

ಪ್ರಶ್ನೆ: ಹುಟ್ಟಿದ ಎರಡು ವಾರದೊಳಗೇ ತೆಗೆಸಬೇಕಂತೆ.

ಅಜ್ಜಿ: ಸುಳ್ಳಲ್ಲ. ಆ ದಿನಗಳಲ್ಲಿ ಕೂಸು ನಿದ್ದೆ ಜಾಸ್ತಿ ಮಾಡ್ತದೆ, ಹೊಟ್ಟೇಲಿ ಇದ್ದಂಗೇ ಮುದುರ್ಕತದೆ. ಆದ್ರೆ ಹೊಕ್ಕುಳಬಳ್ಳಿ ಒಣಗೋದೂ ಆಗ್ಲೇ, ತಾಯಿ ಹೊಲಿಗೆ ಮಾಯೋದೂ ಆಗ್ಲೇ, ಹನ್ನೊಂದನೇ ದಿನದ ಪುರುಡು ಕಳೆಯೋದೂ ಆಗ್ಲೇ. ಅತ್ತೇನೇ ಕಾಲು ತೊಳ್ಕಂಡು ಹೋಗೋ ಬಾಣಂತಿ ಕೋಣೆಗೆ ಲೈಟ್ ಸ್ಟ್ಯಾಂಡ್ ಹೊತ್ಕಂಡು ಮೂರು ಜನ ನುಗ್ಗಿದ್ರೆ ಹೆಂಗೆ?

ಪ್ರಶ್ನೆ: ಪ್ಯಾಕೇಜಿನಲ್ಲಿ ‘ಕಪ್ಪೆ ಪೋಸ್’ ಕೂಡ ಇದೆ. ಗಲ್ಲಕ್ಕೆ ಎರಡೂ ಕೈ ಕೊಟ್ಟುಕೊಂಡು ಕೂಸು ಕೂತಿರುತ್ತದೆ.

ಅಜ್ಜಿ: ಕಪ್ಪೆ ಅಂದ್ರೆ ನಮ್ಮ ಪಕ್ಕದ ಗೂಡಿನ ಕೊಕ್ಕರೆಗೆ ಊಟ ಕಣಪ್ಪ. ಕತ್ತೇ ನಿಲ್ಲದ ಕೂಸು ಅಂಗೆ ಕೂತದಾ? ಬಲ್ಲೋರು ಒಂದು ಫೋಟೊದಲ್ಲಿ ತಲೆ ಹಿಡ್ಕತಾರೆ, ಇನ್ನೊಂದರಲ್ಲಿ ಕೈ ಹಿಡ್ಕತಾರೆ, ಕಂಪ್ಯೂಟರಲ್ಲಿ ಎರಡನ್ನೂ ಸೇರಿಸಿ ಹಿಡಿದ ಕೈನ ಅಳಿಸ್ತಾರೆ. ಬರೀ ಮೊಬೈಲಲ್ಲಿ ನೋಡಿ ಕಲ್ತೋನು ಕೂಸನ್ನ ನಿಜವಾಗ್ಲೂ ಕೂರಿಸ್ತಾನೆ. ಅಂಥೋನ್ನ ಹೊಸಲಾಚೆ ನಿಲ್ಲಿಸು.

ಪ್ರಶ್ನೆ: ಥೀಮ್‌ಗಳೂ ಇವೆ. ಬೆಲ್ಲದ ಕೊಪ್ಪರಿಗೆ, ಎಳನೀರು ಗೊನೆ. ಮೀಸೆ ಅಂಟಿಸಿದರೆ ‘ಮಂಡ್ಯದ ಗಂಡು’.

ಅಜ್ಜಿ: ಗಂಡು ಅಂತ ಏಳನೇ ತಿಂಗಳಲ್ಲೇ ಹೆಂಗ್ ಗೊತ್ತಾಯ್ತು?

ಪ್ರಶ್ನೆ: ಗೊತ್ತಿಲ್ಲ ಅಜ್ಜಿ! ಹೆಣ್ಣಾದರೆ ಗುಲಾಬಿ ಟೋಪಿ.

ಅಜ್ಜಿ: ಬದುಕ್ದೆ. ಯಾಕ್ ಕೇಳ್ದೆ ಅಂದ್ರೆ, ಈ ಜಿಲ್ಲೇಲಿ ಇನ್ನೊಂಥರ ಫೋಟೊನೂ ತೆಗೀತಿದ್ರು. 2023ರಲ್ಲಿ ಪೊಲೀಸ್ರು ಹಿಡಿದ್ರಲ್ಲ, ಮಂಡ್ಯದ ಹತ್ರ ಆಲೆಮನೇಲಿ ಸ್ಕ್ಯಾನಿಂಗ್ ಮಷೀನ್ ಮಡಗಿದ್ರು. ಬೆಲ್ಲ ಕಾಯಿಸೋ ಜಾಗದಲ್ಲಿ ಹೊಟ್ಟೆಯೊಳಗಿನ ಕೂಸು ಗಂಡಾ ಹೆಣ್ಣಾ ಅಂತ ನೋಡೋರು. ಹೆಣ್ಣು ಅಂತ ಗೊತ್ತಾದ್ರೆ ಆ ಕೂಸಿಗೆ ಎರಡನೇ ಫೋಟೊನೇ ಇಲ್ಲ. 1994ರ ಕಾನೂನು ಐತೆ, ಆಸ್ಪತ್ರೆ ಗೋಡೆ ಮೇಲೆ ಬೋರ್ಡೂ ಐತೆ. ಆಲೆಮನೇಲಿ ಬೋರ್ಡ್ ಯಾರು ಹಾಕ್ತಾರೆ? ನಮ್ಮ ಮರಿಗೆ ಹುಟ್ಟುವಾಗ ಮೈಮೇಲೆ ಒಂದು ಪುಕ್ಕನೂ ಇರಕಿಲ್ಲ. ಆದ್ರೂ ಗಂಡೋ ಹೆಣ್ಣೋ ಅಂತ ಈ ಊರಲ್ಲಿ ಯಾರೂ ಕೇಳಿಲ್ಲ.

ಪ್ರಶ್ನೆ: (ಮಾತು ಬದಲಿಸುತ್ತ) ನಿಮ್ಮ ಫೋಟೊ ತೆಗೆಯುವವರು ಹೇಗೆ?

ಅಜ್ಜಿ: ಉದ್ದ ಲೆನ್ಸ್ ಮಡಿಕ್ಕಂಡು ದೂರ ನಿಂತ್ಕತಾರೆ, ನಾವು ತಿರುಗೋಗಂಟ ಕಾಯ್ತಾರೆ. ಮರೀಗೆ ಟೋಪಿ ಹಾಕಕ್ಕೆ ಯಾರೂ ಮರ ಹತ್ತಕಿಲ್ಲ. 2007ರಲ್ಲಿ ಈ ಊರನ್ನ ಸಮುದಾಯ ಮೀಸಲು ಪ್ರದೇಶ ಅಂತ ಸರ್ಕಾರ ಹೇಳ್ತು. ಅದಕ್ಕೆ ಎಷ್ಟೋ ಮುಂಚಿಂದ್ಲೂ ಊರೋರು ನಮ್ಮನ್ನ ಕಾಯ್ತಾವ್ರೆ. ಗೂಡಿಂದ ಮರಿ ಬಿದ್ರೆ ಹೆಜ್ಜಾರ್ಲೆ ಬಳಗದ ಹುಡುಗ್ರು ಎತ್ಕಂಡು ಮೀನು ತಿನ್ಸಿ ಸಾಕವ್ರೆ. ಫೋಟೊ ಆಮೇಲೆ.

ಪ್ರಶ್ನೆ: ಹಾಗಾದರೆ ಬುಕಿಂಗ್ ರದ್ದು ಮಾಡಿಸಲೇ?

ಅಜ್ಜಿ: ಯಾಕ್ ರದ್ದು? ಕೂಸು ಮತ್ತೆ ಅಷ್ಟು ಚಿಕ್ಕದಾಗಕಿಲ್ಲ, ತೆಗ್ಸು. ಮನೆಗೇ ಕರಿ, ಕಿಟಕಿ ಬೆಳಕು ಸಾಕು, ಕೋಣೆ ಬೆಚ್ಚಗಿರ್ಲಿ. ಬಂದೋನು ಸೋಪಲ್ಲಿ ಕೈ ತೊಳೀಲಿ, ಕೆಮ್ಮು ನೆಗಡಿ ಇದ್ರೆ ಬರೋದೇ ಬ್ಯಾಡ. ಬುಟ್ಟೀಲಿ ಮಲಗಿಸಿದ್ರೆ ಮನೆಯೋರೊಬ್ರು ಕೈಯಳತೇಲೇ ಇರ್ಲಿ. ಹಾಲಿಗೆ ಅತ್ತರೆ ಕ್ಯಾಮೆರಾ ಕೆಳಗೆ. ಅವತ್ತು ಆಗದಿದ್ರೆ ಇನ್ನೊಂದಿನ ಬರ್ಬೇಕು. ಅಡ್ವಾನ್ಸ್ ಕೊಡೋಕ್ ಮುಂಚೇನೇ ಈ ಮಾತೆಲ್ಲ ಆಡ್ಕಳಿ.