ಹೆತ್ತವರ ವಿಲೇವಾರಿ: ಆಂಗ್ಲ ಬಾಲಸಾಹಿತ್ಯದ ಶಾಸ್ತ್ರೀಯ ವಿವೇಚನೆ

ಮೂಲಸೂತ್ರ: ಹೊತ್ತಿಗೆ ಸರಿಯಾಗಿ ಊಟಕ್ಕೆ ಕರೆಯುವ ತಾಯಿಯಿದ್ದಲ್ಲಿ ಸಾಹಸ ಹುಟ್ಟದು. ಆದಕಾರಣ ಇಂಗ್ಲಿಷ್ ಮಕ್ಕಳ ಕಾದಂಬರಿಕಾರರ ಆದ್ಯ ಕರ್ತವ್ಯ ಹೆತ್ತವರ ವಿಲೇವಾರಿ. ವಸ್ತು ಎಲ್ಲರಿಗೂ ಒಂದೇ. ವಿಧಾನ ಮಾತ್ರ ಅವರವರ ಪ್ರತಿಭೆಗೆ ಬಿಟ್ಟದ್ದು.

ವರ್ಗೀಕರಣ: ವಿಲೇವಾರಿ ಐದು ಬಗೆ.

ರಾಜಮೂಲ: ಇ. ನೆಸ್ಬಿಟ್ 1906ರ ‘ದಿ ರೈಲ್ವೇ ಚಿಲ್ಡ್ರನ್’ನಲ್ಲಿ ತಂದೆಯನ್ನು ಜೈಲಿಗೆ ಕಳಿಸಿದರು; ತಾಯಿಯನ್ನು ಕತೆ ಬರೆದು ಸಂಸಾರ ತೂಗಿಸುವ ಕೆಲಸಕ್ಕೆ ಹಚ್ಚಿದರು. ಕತೆ ಬರೆಯುವವರು ಮನೆಯಲ್ಲಿದ್ದೂ ಇಲ್ಲದಂತೆ ಎಂಬುದು ಉಪಸೂತ್ರ.

ರೋಗಮೂಲ: 1911ರ ‘ದಿ ಸೀಕ್ರೆಟ್ ಗಾರ್ಡನ್’ನಲ್ಲಿ ಫ್ರಾನ್ಸಿಸ್ ಹಾಡ್ಜ್‌ಸನ್ ಬರ್ನೆಟ್ ಮೇರಿಯ ತಂದೆತಾಯಿಯನ್ನು ಭಾರತದಲ್ಲೇ ಕಾಲರಾಕ್ಕೆ ಒಪ್ಪಿಸಿ, ಹುಡುಗಿಯನ್ನು ಯಾರ್ಕ್‌ಷೈರಿಗೆ ಸಾಗಹಾಕಿದರು.

ಯುದ್ಧಮೂಲ: 1950ರ ನಾರ್ನಿಯಾ ಕಾದಂಬರಿಯಲ್ಲಿ ಸಿ. ಎಸ್. ಲೂಯಿಸ್ ಯುದ್ಧಕಾಲದಲ್ಲಿ ಲಂಡನ್ನಿನ ಮೇಲೆ ನಡೆದ ವಾಯುದಾಳಿಯನ್ನು ನೆಪ ಮಾಡಿಕೊಂಡು ನಾಲ್ವರು ಮಕ್ಕಳನ್ನು ಹಳ್ಳಿಗಾಡಿನ ಪ್ರೊಫೆಸರರ ಮನೆಗೆ ಅಟ್ಟಿದರು. ಪ್ರಾಣಹಾನಿಯಿಲ್ಲದ ಸಾತ್ವಿಕ ವಿಧಾನವಿದು.

ಮೃಗಮೂಲ: 1961ರ ಕಾದಂಬರಿಯಲ್ಲಿ ರೋಲ್ಡ್ ಡಾಲ್, ಲಂಡನ್ ಮೃಗಾಲಯದಿಂದ ತಪ್ಪಿಸಿಕೊಂಡ ಘೇಂಡಾಮೃಗದಿಂದ ಬಾಲನಾಯಕ ಜೇಮ್ಸ್‌ನ ತಂದೆತಾಯಿ ಇಬ್ಬರನ್ನೂ ಹಾಡಹಗಲೇ ತಿನ್ನಿಸಿದರು. ಘೇಂಡಾಮೃಗ ಸಸ್ಯಾಹಾರಿಯೆಂಬ ಆಕ್ಷೇಪವನ್ನು ಶಾಸ್ತ್ರವು ಪುರಸ್ಕರಿಸುವುದಿಲ್ಲ.

ಮಂತ್ರಮೂಲ: 1997ರಲ್ಲಿ ಜೆ. ಕೆ. ರೌಲಿಂಗ್ ದುಷ್ಟ ಮಾಂತ್ರಿಕನಿಗೆ ಈ ಕೆಲಸ ವಹಿಸಿ, ಹ್ಯಾರಿಯನ್ನು ದೊಡ್ಡಮ್ಮನ ಮನೆಯ ಮೆಟ್ಟಿಲ ಕೆಳಗಿನ ಗೂಡಿಗೆ ಸೇರಿಸಿದರು.

ಪೂರ್ವಪಕ್ಷ: ಇದೆಲ್ಲ ಬರೀ ನಕಲಲ್ಲವೇ? ಬಟ್ಟೆಯ ಬೀರುವಿನೊಳಗಿಂದ ಮಾಯಾಲೋಕಕ್ಕೆ ದಾರಿ ತೆರೆದ ನೆಸ್ಬಿಟ್ಟರ ಕತೆ 1912ರ ಸಂಕಲನದಲ್ಲೇ ಇದೆ. ಲೂಯಿಸರ ನಾರ್ನಿಯಾಕ್ಕೂ ಬೀರುವೇ ಹೆಬ್ಬಾಗಿಲು. ರೌಲಿಂಗರಿಗಿಂತ ಮೊದಲೇ ಮಾಟಗಾತಿಯರ ವಸತಿಶಾಲೆಯನ್ನು ಜಿಲ್ ಮರ್ಫಿ 1974ರಲ್ಲಿ ಆರಂಭಿಸಿ ಪ್ರವೇಶಾತಿ ಮುಗಿಸಿದ್ದರು. ಎಡ್ವರ್ಡ್ ಈಗರ್ ಅಂತೂ 1954ರ ‘ಹಾಫ್ ಮ್ಯಾಜಿಕ್’ನಲ್ಲಿ ತಮ್ಮ ಪಾತ್ರಗಳ ಕೈಗೇ ನೆಸ್ಬಿಟ್ಟರ ಪುಸ್ತಕ ಕೊಟ್ಟು ಸಾಲಪತ್ರಕ್ಕೆ ಬಹಿರಂಗವಾಗಿ ರುಜು ಹಾಕಿದರು.

ಸಿದ್ಧಾಂತ: ನಕಲಲ್ಲ. ನೆಸ್ಬಿಟ್ಟರ ಬೀರು ತೆರೆದರೆ ರೈಲು ನಿಲ್ದಾಣ. ಲೂಯಿಸರದು ತೆರೆದರೆ ಹಿಮ ಸುರಿಯುವ ಕಾಡು. ಬೀರುವನ್ನು ಯಾರಿಂದಲಾದರೂ ಎರವಲು ತರಬಹುದು, ಹಿಮವನ್ನು ತಾನೇ ಸುರಿಸಬೇಕು. ಮೇಲಾಗಿ, ಎಂಟು ವರ್ಷದ ಓದುಗನಿಗೆ ಎಲ್ಲ ಬೀರುಗಳೂ ಹೊಚ್ಚಹೊಸವು. ‘ಇದನ್ನೆಲ್ಲೋ ಓದಿದ್ದೇನೆ’ ಎಂಬ ವ್ಯಾಧಿ ವಿಮರ್ಶಕರಿಗೆ ಮಾತ್ರ ತಗಲುತ್ತದೆ, ಅದಕ್ಕೆ ಮದ್ದಿಲ್ಲ.

ಫಲಶ್ರುತಿ: ಮಗು ಪುಸ್ತಕ ಹಿಡಿದು ಕೂತಾಗ ತಂದೆತಾಯಿ ತಾವಾಗಿಯೇ ಒಂದು ಗಂಟೆ ಕೋಣೆಯಿಂದಾಚೆ ಇರತಕ್ಕದ್ದು. ಘೇಂಡಾಮೃಗದ ಅಗತ್ಯ ಬೀಳದು.