ಕಾಲು ಕೆಜಿಗೆ ಕೊಸರು

ಎಸ್ಸೆಸ್ಸೆಲ್ಸಿಯಲ್ಲಿ ಶೇಕಡಾ ತೊಂಬತ್ತು ದಾಟಿದರೆ ಪ್ಲೇಸ್ಟೇಷನ್ 5 ವಿಡಿಯೋ ಗೇಮ್ ಕೊಡಿಸುತ್ತೇನೆ ಅಂತ ಮಗಳಿಗೆ ಮಾತು ಕೊಟ್ಟಿದ್ದೆ. ದಾಟಲಾರಳು ಎಂಬ ಧೈರ್ಯ ನನಗೆ. ದಾಟಿಬಿಟ್ಟಳು. 2021ರ ಫೆಬ್ರುವರಿ 2ರಂದು ಭಾರತಕ್ಕೆ ಬಂದಾಗ ಅದರ ಬೆಲೆ 49,990 ರೂಪಾಯಿ. ಐವತ್ತು ಸಾವಿರಕ್ಕೆ ಆ ಹತ್ತು ರೂಪಾಯಿ ಯಾಕೆ ಬಿಟ್ಟರೋ, ಹಲಸೂರು ಮಾರ್ಕೆಟ್ಟಿನಲ್ಲಿ ಅದಕ್ಕೆ ನಿಂಬೆಹಣ್ಣು ಕೊಳ್ಳಲೂ ಚೌಕಾಸಿ ಮಾಡಬೇಕು.

ಡಬ್ಬ ಬಿಚ್ಚಿದಾಗ ದೊಡ್ಡ ಯಂತ್ರವನ್ನು ಯಾರೂ ಮಾತಾಡಿಸಲಿಲ್ಲ. ಎಲ್ಲರ ಕಣ್ಣೂ ಬಿಳೀ ಕಂಟ್ರೋಲರ್ ಮೇಲೆ. ಕಂಪನಿ ಅದಕ್ಕಿಟ್ಟ ಹೆಸರು ಡ್ಯುಯಲ್‌ಸೆನ್ಸ್, ಅಮ್ಮ ಇಟ್ಟದ್ದು ರಿಮೋಟು. ಸೋಮೇಶ್ವರ ದೇವಸ್ಥಾನದ ಹಿಂದಿನ ಗಲ್ಲಿಯಲ್ಲಿ ಐವತ್ತು ವರ್ಷ ಸಂಸಾರ ಮಾಡಿದವಳು, ಬದನೆಕಾಯಿ ತೂಗುವಂತೆ ಅಂಗೈಯಲ್ಲಿ ಒಮ್ಮೆ ಕುಣಿಸಿ, "ಕಾಲು ಕೆಜಿ, ಮೇಲೊಂದಿಷ್ಟು ಕೊಸರು" ಅಂದಳು. ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ 280 ಗ್ರಾಂ.

ಅದರ ಹೊಟ್ಟೆ ತರಿತರಿ. ಅಮ್ಮ ಪಂಚಾಂಗ ನೋಡುವ ಭೂತಗನ್ನಡಿ ಹಿಡಿದು ನೋಡಿದೆ. ತರಿ ಅಂದುಕೊಂಡದ್ದೆಲ್ಲ ಪುಟಾಣಿ ತ್ರಿಕೋನ, ಸೊನ್ನೆ, ಇಂಟು, ಚೌಕ! ಮೇಲಿರುವ ನಾಲ್ಕು ಬಟನ್ನುಗಳ ಗುರುತುಗಳನ್ನೇ ರಾಗಿ ಚೆಲ್ಲಿದಂತೆ ಸಾವಿರಾರು ಚೆಲ್ಲಿದ್ದಾರೆ. ಯಾರ ಕಣ್ಣಿಗೆ ಅಂತ ಇಷ್ಟು ಕುಸುರಿ?

"ಇಂಟು ಒತ್ತಪ್ಪ, ಅದೇ ಓಕೆ" ಅಂದಳು ಮಗಳು. ನನ್ನ ಬೆರಳು ಒಪ್ಪಲಿಲ್ಲ. ಗಣಿತದ ಮೇಷ್ಟ್ರು ಹತ್ತು ವರ್ಷ ಕೆಂಪಿಂಕಿನಲ್ಲಿ ಕಲಿಸಿದ ಇಂಟುವಿಗೆ ಬೇರೆಯೇ ಅರ್ಥವಿತ್ತು. ಜಪಾನಿನವರೂ ನನ್ನ ಕಡೆಯವರೇ. 1994ರ ಮೊದಲ ಪ್ಲೇಸ್ಟೇಷನ್‌ಗೆ ಈ ಗುರುತುಗಳನ್ನು ಕೊಟ್ಟ ತೇಯು ಗೊಟೊ ಸೊನ್ನೆಯನ್ನು 'ಸರಿ' ಎಂದೂ ಇಂಟುವನ್ನು 'ಬೇಡ' ಎಂದೂ ಎಣಿಸಿದ್ದರು. ಅಲ್ಲಿ ಹಾಗೇ ನಡೆಯಿತು. 2020ರಲ್ಲಿ ಈ ಯಂತ್ರ ಬಂದಾಗ ಅವರಿಗೂ ಇಂಟುವೇ ಓಕೆ ಆಯಿತು. ಇಪ್ಪತ್ತಾರು ವರ್ಷದ ರೂಢಿ ಬಿಡಬೇಕಾದ ಆ ಹೆಬ್ಬೆರಳುಗಳನ್ನು ನೆನೆದು ನನ್ನದಕ್ಕೂ ಸಮಾಧಾನ ಹೇಳಿದೆ.

ಆಟ ಶುರುವಾಯಿತು. ಅದರಲ್ಲಿ ಆಸ್ಟ್ರೋ ಎಂಬ ಪುಟ್ಟ ರೋಬೋ ಮರಳಲ್ಲಿ ನಡೆದರೆ ಅಂಗೈಯಲ್ಲಿ ಮರಳು ಕಿರುಗುಟ್ಟಿತು. ಮಂಜುಗಡ್ಡೆ ಮೇಲೆ ಜಾರಿದರೆ ಕೈಯೇ ನುಣ್ಣಗಾಯಿತು. ಹಳೆಯ ಕಂಟ್ರೋಲರುಗಳಲ್ಲಿ ಒಂದು ಪಕ್ಕ ಭಾರವಿಟ್ಟ ಮೋಟಾರು ಗಿರ್ರೆನ್ನುತ್ತಿತ್ತಂತೆ; ಇದರಲ್ಲಿ ಸ್ಪೀಕರಿನೊಳಗೆ ಇರುವಂಥ ಸುರುಳಿ ಅದುರುತ್ತದೆ. ಬೆರಳಿಗೆ ಸಿಗುವ ಟ್ರಿಗರ್ ಇನ್ನೂ ತುಂಟ. ಸಲೀಸಾಗಿ ಒಳಹೋಗುತ್ತಿದ್ದದ್ದು, ಆಟದಲ್ಲಿ ಸ್ಪ್ರಿಂಗು ಅದುಮುವಾಗ ನಮ್ಮಪ್ಪನ ಬಜಾಜ್ ಚೇತಕ್ಕಿನ ಕ್ಲಚ್ಚಿನಂತೆ ಹಟ ಹಿಡಿಯಿತು. ಒಳಗೊಂದು ಮೋಟಾರು ಕೂತು ಎದುರು ತಳ್ಳುತ್ತದಂತೆ.

ತೊಂಬತ್ತರ ದಶಕದಲ್ಲಿ ನಮ್ಮ ಬೀದಿಯ ಬಾಡಿಗೆ ಅಂಗಡಿಯಲ್ಲಿ ಹಿಡಿಯುತ್ತಿದ್ದ ಕಂಟ್ರೋಲರಿಗೆ ಈ ಬಿನ್ನಾಣ ಇರಲಿಲ್ಲ. ನಿಂಟೆಂಡೋದ ಫ್ಯಾಮಿಕಾಮ್ ನೋಡಿ ಮಾಡಿದ ನಕಲಿ ಸೆಟ್ಟು. ಎರಡೇ ಬಟನ್ನು, ಅದರಲ್ಲೊಂದು ಒತ್ತಿದರೆ ಮೇಲೇಳದು. ಚಿತ್ರ ಕುಣಿಯತೊಡಗಿದರೆ ಕ್ಯಾಸೆಟ್ಟು ಕಿತ್ತು, ಬಾಯಿಗಿಟ್ಟು, 'ಫೂ' ಅಂತ ಊದಿ ಮತ್ತೆ ತುರುಕುವುದು. ಸರಿಹೋಗುತ್ತಿದ್ದದ್ದು ತೆಗೆದು ಹಾಕಿದ್ದರಿಂದ. ಎಂಜಲು ತಾಗಿ ಪಿನ್ನುಗಳು ತುಕ್ಕು ಹಿಡಿಯುತ್ತಿದ್ದವಷ್ಟೆ. ಅಂದು ಯಾರಾದರೂ ಹೀಗಂದಿದ್ದರೆ ಅವರನ್ನೇ ಊದಿಬಿಡುತ್ತಿದ್ದೆವು.

ಮಗಳು ಕಂಟ್ರೋಲರನ್ನು ನನ್ನ ಬಾಯ ಹತ್ತಿರ ತಂದು, "ಊದಪ್ಪ" ಅಂದಳು. ಮೈಕಿದೆ, ಊದಿದರೆ ಪರದೆಯಲ್ಲಿ ಫ್ಯಾನು ತಿರುಗುತ್ತದೆ. ಇದೇನೂ ಹೊಸದಲ್ಲ, 1983ರ ಅಸಲಿ ಫ್ಯಾಮಿಕಾಮಿನ ಎರಡನೇ ಕಂಟ್ರೋಲರಿನಲ್ಲೇ ಮೈಕಿತ್ತು ಅಂತ ಪಾಂಡಿತ್ಯ ಕೊಚ್ಚಿ, ಹಳೇ ಅಭ್ಯಾಸದಲ್ಲಿ ಒಮ್ಮೆಗೇ ಜೋರಾಗಿ ಫೂ ಅಂದೆ. ಫ್ಯಾನು ಸರ್ರನೆ ತಿರುಗಿ ನಿಂತಿತು.

"ಮತ್ತೆ ಶುರುವಾಯ್ತಾ ನಿನ್ನ ಊದಾಟ?" ಅಂತ ಅಮ್ಮ ಅಡುಗೆಮನೆಯಿಂದ ಬಂದಳು. ನೋಡಿದಳು, ಕೈಚಾಚಿ ಇಸಿದುಕೊಂಡಳು. ಸೌದೆ ಒಲೆಗೆ ಊದುಗೊಳವೆ ಹಿಡಿದ ಹಾಗೆ ತುಟಿ ಕೂಡಿಸಿ, ಅವಸರವಿಲ್ಲದೆ, ಒಂದೇ ಸಮ, ಉದ್ದಕ್ಕೆ ಊದಿದಳು. ಫ್ಯಾನು ನಿಲ್ಲದೆ ತಿರುಗುತ್ತಲೇ ಇತ್ತು.

ಉಸಿರು ಮುಗಿದ ಮೇಲೆ ಸೆರಗಿನಿಂದ ಕಂಟ್ರೋಲರ್ ಒರೆಸಿ ಕೊಡುತ್ತಾ ಕೇಳಿದಳು, "ಹತ್ಕೊಂತಾ?"